ಕೆರೆ ಒತ್ತುವರಿಗೆ ಸದನ ಸಮಿತಿ ಬೇಕು ಸರಿ, ಅದರಲ್ಲಿ ಕೂರುವವರು ಯಾರು?

ಅಂತರಗಂಗೆ (ಕೋಲಾರ)

ನಮ್ಮ ಜಿಲ್ಲೆಯ ಕೆರೆ, ರಾಜಕಾಲುವೆಗಳ ಒತ್ತುವರಿ ತನಿಖೆಗೆ ವಿಧಾನಮಂಡಲದ ಎರಡೂ ಸದನಗಳ ಸದಸ್ಯರು ಕೂರುವ ಜಂಟಿ ಸದನ ಸಮಿತಿ ರಚಿಸಬೇಕೆಂಬ ಮನವಿ ಪತ್ರವೊಂದು ಊರೂರು ಸುತ್ತುತ್ತಿದೆ. ನನ್ನ ಕೈಗೂ ಬಂತು. ಸಹಿ ಹಾಕದೆ ವಾಪಸು ಕೊಟ್ಟೆ. ತಂದವರು ಮುಖ ಗಂಟಿಕ್ಕಿಕೊಂಡು ಹೋದರು. ಆದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಪತ್ರದಲ್ಲಿ ಒತ್ತುವರಿಯ ವಿವರ ಚೆನ್ನಾಗಿಯೇ ಇದೆ. ಕೊನೆಗೆ ಮಾತ್ರ ಒಂದೇ ಸಾಲು: ಸದನ ಸಮಿತಿ ರಚಿಸಿ ತನಿಖೆ ನಡೆಸಬೇಕು. ಸಮಿತಿಯಲ್ಲಿ ಎಷ್ಟು ಜನ, ಅಧ್ಯಕ್ಷತೆ ಯಾರಿಗೆ, ಅಳತೆ ಮಾಡುವವರು ಯಾರು, ಗಡುವು ಎಂದು, ಯಾವುದರ ಸುದ್ದಿಯೂ ಇಲ್ಲ. ಆ ಜಾಗವನ್ನು ನಾವು ಖಾಲಿ ಬಿಟ್ಟರೆ ಬೇರೆಯವರು ತುಂಬುತ್ತಾರೆ. ತನಿಖೆಯಿಂದ ಯಾರಿಗೆ ಬಿಸಿ ತಟ್ಟುತ್ತದೆಯೋ ಅವರಿಗೇ ಅದನ್ನು ತುಂಬುವ ಆತುರ ಹೆಚ್ಚು.

ಹಿಂದಿನದನ್ನು ನೆನಪಿಸಿಕೊಳ್ಳಿ. ನೈಸ್ ರಸ್ತೆ ಯೋಜನೆಯ ಅಕ್ರಮಗಳ ಬಗ್ಗೆ 2014ರಲ್ಲಿ ಸದನ ಸಮಿತಿ ಆಯಿತು. ಅಧ್ಯಕ್ಷರು ಶಿರಾದ ಟಿ.ಬಿ. ಜಯಚಂದ್ರ. ಆಗ ಅವರೇ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರು. ವಿದ್ಯುತ್ ಖರೀದಿ ಅವ್ಯವಹಾರದ ಸದನ ಸಮಿತಿಗೆ ಅಧ್ಯಕ್ಷರು ಡಿ.ಕೆ. ಶಿವಕುಮಾರ್. ಆಗ ಅವರೇ ಇಂಧನ ಸಚಿವರು. ಇಬ್ಬರ ಪ್ರಾಮಾಣಿಕತೆಯ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಸರ್ಕಾರವನ್ನು ಪ್ರಶ್ನಿಸಲು ಸದನ ಕಟ್ಟಿದ ಸಮಿತಿಯ ತಲೆಯಲ್ಲಿ ಸರ್ಕಾರವೇ ಕುಳಿತರೆ ಅದು ಸದನ ಸಮಿತಿಯೋ, ಸಂಪುಟ ಉಪಸಮಿತಿಯೋ?

ಇದಕ್ಕೆ ಎದುರಾಗಿ ಎ.ಟಿ. ರಾಮಸ್ವಾಮಿ ಸಮಿತಿಯನ್ನು ಇಟ್ಟು ನೋಡಿ. 2005ರಲ್ಲಿ ರಚನೆಯಾದಾಗ ಅವರು ಸಚಿವರಲ್ಲ, ಅರಕಲಗೂಡಿನ ಶಾಸಕರು. ಅವರ ಪಕ್ಷ ಆಡಳಿತದಲ್ಲೇ ಇತ್ತು. ಆದರೂ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 27 ಸಾವಿರ ಎಕರೆಗೂ ಹೆಚ್ಚು ಸರ್ಕಾರಿ ಜಮೀನು ಒತ್ತುವರಿಯಾಗಿದೆ ಎಂದು ವರದಿ ಕೊಟ್ಟರು. ಅಧ್ಯಕ್ಷರ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎನ್ನುವುದು ಸಣ್ಣ ವಿಷಯವಲ್ಲ ಎಂದಷ್ಟೇ ನನ್ನ ವಾದ. ನೀವೆಲ್ಲ ಏನು ಹೇಳುತ್ತೀರಿ?

ಟೊಮೆಟೊ ಮಂಡಿ (ವಡ್ಡಹಳ್ಳಿ)

ಅಣ್ಣಾ, ಮೊದಲು ಸಮಿತಿ ಬರಲಿ. ಮಗು ಹುಟ್ಟುವ ಮೊದಲೇ ನೀವು ಕುಲಾವಿ ಹೊಲಿಸಲು ಹೊರಟಿದ್ದೀರಿ. ನಮ್ಮ ಊರಿನ ಕೆರೆಯ ಕೋಡಿಯ ಮೇಲೆಯೇ ಗೋದಾಮು ನಿಂತಿದೆ. ಅದನ್ನು ತೋರಿಸಲು ಯಾವ ಪಕ್ಷದವರು ಬಂದರೇನು? ಅಧ್ಯಕ್ಷರ ಹೆಸರು ನೋಡಿಕೊಂಡು ಸಹಿ ಹಾಕುತ್ತೇನೆ ಎಂದು ಕುಳಿತರೆ ಗೋದಾಮಿನ ಮೇಲೆ ಎರಡನೇ ಮಹಡಿಯೂ ಬರುತ್ತದೆ.

ಹಳೇ ಗುಮಾಸ್ತ

ಮಂಡಿಯವರ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಪ್ರಶ್ನೆ ಎತ್ತಿದವರು ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಾರೆ. ನಾನು ವಿಧಾನಸೌಧದ ಕಡತಗಳ ನಡುವೆ ಕೆಲಸ ಮಾಡಿ ನಿವೃತ್ತನಾದವನು. ಸಮಿತಿ ಹೇಗೆ ಹುಟ್ಟುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ಸದನದಲ್ಲಿ ಗದ್ದಲವಾಗುತ್ತದೆ, ವಿರೋಧ ಪಕ್ಷ ಬಾವಿಗಿಳಿದು ಧರಣಿ ಕೂರುತ್ತದೆ, ಅಧಿವೇಶನ ಮುಗಿಯುವ ಹೊತ್ತಿಗೆ ಸಚಿವರು ಎದ್ದು ಸದನ ಸಮಿತಿಗೆ ಒಪ್ಪಿಸೋಣ ಎನ್ನುತ್ತಾರೆ. ಎಲ್ಲರೂ ಮೇಜು ಕುಟ್ಟುತ್ತಾರೆ. ಮರುದಿನ ಪತ್ರಿಕೆಯಲ್ಲಿ ಗೆದ್ದೆವು ಎಂಬ ಧಾಟಿಯ ಹೇಳಿಕೆ. ನಿಜವಾದ ಕೆಲಸ ಶುರುವಾಗುವುದು ಆಮೇಲೆ, ಯಾರೂ ನೋಡದಿರುವಾಗ. ಸದಸ್ಯರ ನೇಮಕವನ್ನು ವಿಧಾನಸಭೆಯ ಸಭಾಧ್ಯಕ್ಷರಿಗೆ, ಜಂಟಿ ಸಮಿತಿಯಾದರೆ ವಿಧಾನ ಪರಿಷತ್ತಿನ ಸಭಾಪತಿಗಳಿಗೂ ಬಿಟ್ಟಿರುತ್ತಾರೆ. ಪಕ್ಷಗಳ ಮುಖ್ಯ ಸಚೇತಕರಿಂದ ಹೆಸರುಗಳ ಚೀಟಿ ಬರಬೇಕು. ಬರುವುದಿಲ್ಲ. ಜ್ಞಾಪನ ಪತ್ರ ಹೋಗುತ್ತದೆ. ಒಂದು ಪಕ್ಷದ ಪಟ್ಟಿ ಬಂದರೆ ಇನ್ನೊಂದರದ್ದು ಬಾಕಿ. ಬಂದ ಪಟ್ಟಿಯಲ್ಲಿ ಒಂದು ಹೆಸರನ್ನು ಪೆನ್ಸಿಲ್‌ನಿಂದ ಹೊಡೆದು ಬದಿಯಲ್ಲಿ ಇನ್ನೊಂದು ಹೆಸರು. ಅಧಿಸೂಚನೆ ಹೊರಡುವಷ್ಟರಲ್ಲಿ ಮುಂದಿನ ಅಧಿವೇಶನದ ದಿನಾಂಕ ಬಂದಿರುತ್ತದೆ.

ಪಕ್ಷಗಳು ಯಾರ ಹೆಸರು ಕಳುಹಿಸುತ್ತವೆ ಎಂಬುದು ಇನ್ನೂ ಸ್ವಾರಸ್ಯ. ಸಚಿವ ಸ್ಥಾನ ಸಿಗದೆ ಮುನಿಸಿಕೊಂಡವರಿಗೆ ಅಧ್ಯಕ್ಷತೆ ಒಂದು ಸಮಾಧಾನ: ಕೊಠಡಿ, ವಾಹನ, ಆಪ್ತ ಸಿಬ್ಬಂದಿ. ಉಳಿದ ಜಾಗಗಳಿಗೆ ಬಹಳ ಸಲ ಸಭೆಗೆ ಬರುವುದೇ ಅಪರೂಪವಾದವರನ್ನು ಹಾಕುತ್ತಾರೆ. ಇದು ಅಜಾಗರೂಕತೆ ಎಂದುಕೊಳ್ಳಬೇಡಿ. ಒಟ್ಟು ಸದಸ್ಯರ ಮೂರನೇ ಒಂದು ಭಾಗ ಹಾಜರಿಲ್ಲದಿದ್ದರೆ ಕೋರಂ ಇಲ್ಲ, ಸಭೆ ಮುಂದಕ್ಕೆ. ಸಾಕ್ಷಿಯಾಗಿ ಕರೆಸಿಕೊಂಡ ಅಧಿಕಾರಿ ಚಹಾ ಕುಡಿದು ಕಡತ ಮಡಚಿಕೊಂಡು ಹೊರಡುತ್ತಾರೆ. ತನಿಖೆಯನ್ನು ಕೊಲ್ಲಬೇಕೆಂದರೆ ವಿರೋಧಿಸಬೇಕಾಗಿಲ್ಲ, ಗೈರುಹಾಜರಿ ಸಾಕು.

ಬಂಗಾರಪೇಟೆ ಪ್ಯಾಸೆಂಜರ್

ಗುಮಾಸ್ತರೇ, ನಾನು ಒಂದು ಲೆಕ್ಕ ಹಾಕಿ ನೋಡಿದೆ. ಪಕ್ಷಗಳ ಬಲಕ್ಕೆ ತಕ್ಕಂತೆ ಜಾಗ ಹಂಚುವುದು ರೂಢಿ ಎನ್ನುತ್ತಾರಲ್ಲ. 2023ರ ಫಲಿತಾಂಶ ಹಿಡಿಯಿರಿ: 224ರಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4. ವಿಧಾನಸಭೆಯ 15 ಜನರ ಸಮಿತಿ ಎಂದುಕೊಂಡರೆ ಕಾಂಗ್ರೆಸ್‌ಗೆ 9.04, ಬಿಜೆಪಿಗೆ 4.42, ಜೆಡಿಎಸ್‌ಗೆ 1.27, ಇತರರಿಗೆ 0.27. ಪೂರ್ಣಾಂಕ ಹಿಡಿದರೆ 9, 4, 1. ಒಟ್ಟು 14. ಹದಿನೈದನೆಯ ಕುರ್ಚಿ ಯಾರದ್ದು?

ದೊಡ್ಡ ಶೇಷ ಯಾರದ್ದೋ ಅವರಿಗೆ ಎಂದರೆ ಬಿಜೆಪಿಗೆ ಹೋಗುತ್ತದೆ: 9ಕ್ಕೆ 5 ಮತ್ತು 1. ಆಡಳಿತ ಪಕ್ಷ ತಾನೇ ಇಟ್ಟುಕೊಂಡರೆ 10ಕ್ಕೆ 4 ಮತ್ತು 1. ಪಕ್ಷೇತರರಿಗೆ ಕೊಟ್ಟರೆ, ಆ ಪಕ್ಷೇತರರು ಯಾರ ಜೊತೆ ಊಟ ಮಾಡುತ್ತಾರೆ ಎಂದು ನೋಡಬೇಕು. ಸಮಿತಿಯಲ್ಲಿ 15ರ ಬದಲು 11 ಜನ ಎಂದು ಮಾಡಿದರೆ ಜೆಡಿಎಸ್‌ನ ಪಾಲು 0.93ಕ್ಕೆ ಇಳಿಯುತ್ತದೆ, ಒಂದು ಜಾಗಕ್ಕೂ ಕೈಚಾಚಬೇಕು. ನಮ್ಮ ಜಿಲ್ಲೆಯ 6 ಕ್ಷೇತ್ರಗಳಲ್ಲಿ ಆ ಚುನಾವಣೆಯಲ್ಲಿ ಶ್ರೀನಿವಾಸಪುರ, ಮುಳಬಾಗಿಲು ಎರಡೂ ಜೆಡಿಎಸ್‌ಗೆ ಹೋಗಿದ್ದವು. ಸಮಿತಿಯ ಗಾತ್ರವನ್ನು ಕುಗ್ಗಿಸಿದರೆ ಜಿಲ್ಲೆಯ ಮೂರನೇ ಒಂದು ಭಾಗದ ದನಿ ಹೊರಗೆ ಉಳಿಯಬಹುದು. ಎಷ್ಟು ಜನ ಎಂಬುದೇ ಒಂದು ರಾಜಕೀಯ ತೀರ್ಮಾನ.

ಮಾವಿನ ತೋಪು (ಶ್ರೀನಿವಾಸಪುರ)

ನಮ್ಮ ಜಿಲ್ಲೆಯ ಶಾಸಕರು ಸಮಿತಿಯಲ್ಲಿ ಇರಲೇಬೇಕು ಎಂದು ಏಕೆ ಹಟ? ಇರಬಾರದು ಎಂದೇ ನಾನು ಹೇಳುವುದು. ಇಲ್ಲಿ ಯಾವ ಕೆರೆಯ ಅಂಗಳದಲ್ಲಿ ಯಾರ ತೋಟವಿದೆ, ಯಾರ ಬಡಾವಣೆಯಿದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿರುವವರು ಬಂದರೆ ಮುಚ್ಚುವುದು ಎಲ್ಲಿ ಎಂಬುದೂ ಗೊತ್ತಿರುತ್ತದೆ. ಬೀದರ್‌ನವರು, ಉಡುಪಿಯವರು ಬಂದು ಕೂರಲಿ.

ಸಚಿವರು ಅಧ್ಯಕ್ಷರಾಗುವುದು ಪೂರ್ತಿ ತಪ್ಪು ಎಂದೂ ನನಗೆ ಅನಿಸುವುದಿಲ್ಲ. ಸಾಮಾನ್ಯ ಶಾಸಕರು ಕಡತ ಕೇಳಿದರೆ ಮುಂದಿನ ವಾರ ಎನ್ನುವ ಅಧಿಕಾರಿ ಸಚಿವರು ಕೇಳಿದರೆ ಅಂದೇ ಹೊತ್ತು ತರುತ್ತಾರೆ.

ಇನ್ನು ಸಭಾಧ್ಯಕ್ಷರ ಪೀಠ. ನಮ್ಮ ಊರಿನ ಕೆ.ಆರ್. ರಮೇಶ್ ಕುಮಾರ್ ಆ ಪೀಠದಲ್ಲಿ ಎರಡು ಸಲ ಕುಳಿತವರು, 1994ರಿಂದ 1999ರವರೆಗೆ ಮತ್ತು 2018–19ರಲ್ಲಿ. ಅವರನ್ನು ಮೆಚ್ಚುವವರೂ ತೆಗಳುವವರೂ ಇಲ್ಲಿ ಸಾಕಷ್ಟಿದ್ದಾರೆ, ಆ ಜಗಳ ಈಗ ಬೇಡ. ಆದರೆ ಅವರ ಕಾರಣದಿಂದ ಆ ಪೀಠದ ಅಧಿಕಾರ ಎಷ್ಟು ಎಂಬುದು ನಮ್ಮ ತಾಲ್ಲೂಕಿನ ಚಹಾ ಅಂಗಡಿಗಳಿಗೂ ಗೊತ್ತು. ಸಮಿತಿ ರಚಿಸಿದ ಮೇಲೂ ಅದರ ಹಗ್ಗ ಅಲ್ಲೇ ಇರುತ್ತದೆ. 2020ರಲ್ಲಿ ಎಚ್.ಕೆ. ಪಾಟೀಲರು ಸರ್ಕಾರದ ಖರ್ಚುವೆಚ್ಚ ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರಾಗಿ ಕೋವಿಡ್ ಸಾಮಗ್ರಿ ಖರೀದಿಯ ಸ್ಥಳ ಪರಿಶೀಲನೆಗೆ ಹೊರಟಾಗ ಸಭಾಧ್ಯಕ್ಷರಾಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿ ಸಮಿತಿಗಳ ಪ್ರವಾಸಕ್ಕೇ ತಡೆ ಹಾಕಿದರು. ಸೋಂಕಿನ ಕಾರಣ ಕೊಟ್ಟರು. ಕಾರಣ ಸರಿಯೋ ತಪ್ಪೋ, ಕೆರೆಯ ದಂಡೆಗೆ ಬರಲಾಗದ ಸಮಿತಿಯಿಂದ ನಮಗೇನು ಸಿಕ್ಕೀತು?

ಅಂತರಗಂಗೆ (ಕೋಲಾರ)

ತೋಪಿನವರೇ, ಸಚಿವರಿದ್ದರೆ ಕಡತ ಬೇಗ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ. ಯಾವ ಕಡತ ಬರುತ್ತದೆ ಎಂಬುದೂ ಆಗ ಸಚಿವರಿಗೇ ಬಿಟ್ಟಿದ್ದು. ಹಳೆಯ ಸರ್ಕಾರದ ಕಾಲದ್ದು ಬಂಡಿಗಟ್ಟಲೆ ಬರುತ್ತದೆ, ಈಗಿನದ್ದು ಹುಡುಕುತ್ತಿದ್ದೇವೆ ಎಂಬ ಉತ್ತರ ಬರುತ್ತದೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಸಚಿವರು ಸದಸ್ಯರೂ ಆಗುವಂತಿಲ್ಲ ಎಂಬ ನಿಯಮ ಸುಮ್ಮನೆ ಬಂದಿಲ್ಲ. ಲೋಕಸಭೆಯಲ್ಲಂತೂ 1967ರಿಂದ ಆ ಸಮಿತಿಯ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಹೋಗುವ ಪದ್ಧತಿ ಬೆಳೆದಿದೆ. ಸದನ ಸಮಿತಿಗೆ ಮಾತ್ರ ಆ ಬೇಲಿ ಇಲ್ಲ.

ದೂರದ ಚಿಂತಾಮಣಿ

ನಾನು ಊರು ಬಿಟ್ಟು ಅಮೆರಿಕದಲ್ಲಿ ನೆಲೆಸಿರುವವನು. ಇಲ್ಲಿ ಇದೇ ಪ್ರಶ್ನೆಯ ಮೇಲೆ ನಡೆದ ದೊಡ್ಡ ಆಟವನ್ನು ನೋಡಿದ್ದೇನೆ. ಕೇಳಿ, ನಮ್ಮ ಚರ್ಚೆಗೆ ಬೇಕಾಗುತ್ತದೆ.

2021ರ ಜನವರಿ 6ರಂದು ಇಲ್ಲಿನ ಸಂಸತ್ ಭವನದ ಮೇಲೆ ಟ್ರಂಪ್ ಬೆಂಬಲಿಗರಿಂದ ದಾಳಿ ನಡೆಯಿತಲ್ಲ. ಅದರ ತನಿಖೆಗೆ ಮೊದಲು ಬಂದ ಪ್ರಸ್ತಾವ ಎಂದರೆ ಹೊರಗಿನವರ ಸ್ವತಂತ್ರ ಆಯೋಗ, ಎರಡೂ ಪಕ್ಷಗಳು ಸಮಸಮವಾಗಿ ಐದೈದು ಜನರನ್ನು ನೇಮಿಸುವುದು. ಸೆನೆಟ್‌ನಲ್ಲಿ ಮೇ ತಿಂಗಳಲ್ಲಿ ಪರವಾಗಿ 54, ವಿರುದ್ಧ 35 ಮತ ಬಂದರೂ ಚರ್ಚೆ ಮುಂದುವರಿಸಲು 60 ಬೇಕಿದ್ದರಿಂದ ರಿಪಬ್ಲಿಕನ್ನರು ಅದನ್ನು ಅಲ್ಲೇ ಕೆಡವಿದರು. ಆಗ ಕೆಳಮನೆಯ ಸ್ಪೀಕರ್ ನ್ಯಾನ್ಸಿ ಪೆಲೋಸಿ ತಮ್ಮ ಸದನದಲ್ಲೇ 13 ಜನರ ವಿಶೇಷ ಸಮಿತಿಗೆ ನಿರ್ಣಯ ಮಾಡಿಸಿದರು. ಅದರಲ್ಲಿ 5 ಜನರನ್ನು ಅಲ್ಪಮತದ ನಾಯಕರೊಂದಿಗೆ ಸಮಾಲೋಚಿಸಿ ನೇಮಿಸುವುದು ಎಂದಿತ್ತು. ಸಮಾಲೋಚಿಸಿ ಎಂದಿತ್ತೇ ಹೊರತು ಅವರ ಒಪ್ಪಿಗೆಯ ಮೇರೆಗೆ ಎಂದಿರಲಿಲ್ಲ.

ಅಲ್ಪಮತದ ನಾಯಕ, ರಿಪಬ್ಲಿಕನ್ ಪಕ್ಷದ ಕೆವಿನ್ ಮೆಕಾರ್ಥಿ ಐದು ಹೆಸರು ಕೊಟ್ಟರು. ಪೆಲೋಸಿ ಅವರಲ್ಲಿ ಜಿಮ್ ಬ್ಯಾಂಕ್ಸ್, ಜಿಮ್ ಜೋರ್ಡಾನ್ ಇಬ್ಬರನ್ನು ಒಪ್ಪಲಿಲ್ಲ, ಉಳಿದ ಮೂವರಿಗೆ ಅಭ್ಯಂತರವಿಲ್ಲ ಎಂದರು. ಮೆಕಾರ್ಥಿ ಸಿಟ್ಟಿನಲ್ಲಿ ಐವರನ್ನೂ ವಾಪಸು ಪಡೆದರು. ಪೆಲೋಸಿ ತಾವೇ ಆ ಪಕ್ಷದ ಲಿಜ್ ಚೇನಿಯನ್ನು ಮೊದಲೇ ನೇಮಿಸಿದ್ದರು, ಆಮೇಲೆ ಆಡಮ್ ಕಿನ್ಜಿಂಗರ್ ಅವರನ್ನೂ ಸೇರಿಸಿದರು. ಇಬ್ಬರೂ ಟ್ರಂಪ್ ವಿರೋಧಿಗಳು. ಕೊನೆಗೆ 9 ಜನರ ಸಮಿತಿಯೇ ಕೆಲಸ ಮಾಡಿತು.

ಸಮಸಮ ಪಾಲು ಸಿಗುತ್ತಿದ್ದಾಗ ಬೇಡವೆಂದವರು, ಮೂರು ಜಾಗವಾದರೂ ಉಳಿದಿದ್ದಾಗ ಎದ್ದು ಬಂದವರು, ಆಮೇಲೆ 2022ರ ಜೂನ್‌ನಲ್ಲಿ ಟಿವಿಯಲ್ಲಿ ನೇರ ವಿಚಾರಣೆ ನಡೆದಾಗ ಸಾಕ್ಷಿಗಳಿಗೆ ಒಂದು ಪಾಟಿ ಸವಾಲು ಹಾಕಲೂ ತಮ್ಮ ನಾಯಕ ಕಳುಹಿಸಿದ ಒಬ್ಬನೂ ಒಳಗಿಲ್ಲದೆ ಕುಳಿತರು. 13 ಜನರಿಲ್ಲದ ಸಮಿತಿ ಸಿಂಧುವಲ್ಲ ಎಂದು ಕೋರ್ಟಿಗೂ ಹೋದರು. ಕೇಂದ್ರ ನ್ಯಾಯಾಲಯ 2022ರ ಮೇನಲ್ಲಿ ಆ ವಾದವನ್ನು ಒಪ್ಪಲಿಲ್ಲ.

ಇನ್ನೊಂದು ಮಾತು. ಆ ಸಮಿತಿಯ ಬೆನ್ನೆಲುಬು ಸದಸ್ಯರಷ್ಟೇ ಅಲ್ಲ. ಮುಖ್ಯ ತನಿಖಾ ವಕೀಲರಾಗಿ ಟಿಮೊಥಿ ಹೀಫಿ ಎಂಬ ಮಾಜಿ ಸರ್ಕಾರಿ ಅಭಿಯೋಜಕರನ್ನು ತಂದರು. ಪ್ರಶ್ನೆ ತಯಾರಿಸುವುದು, ದಾಖಲೆ ಜೋಡಿಸುವುದೆಲ್ಲ ಅಂತಹ ವೃತ್ತಿಪರರಿಂದ ಆಯಿತು. ನಮ್ಮಲ್ಲಿ ಅದನ್ನು ಯಾರು ಮಾಡುತ್ತಾರೆ, ಗುಮಾಸ್ತರು ಹೇಳಲಿ.

ಬಂಗಾರಪೇಟೆ ಪ್ಯಾಸೆಂಜರ್

ಬಹಿಷ್ಕಾರದ ಕಥೆಗೆ ಅಮೆರಿಕಕ್ಕೆ ಹೋಗಬೇಕಿಲ್ಲ. 1987ರಲ್ಲಿ ಬೊಫೋರ್ಸ್ ಫಿರಂಗಿ ಖರೀದಿಯ ಲಂಚದ ಆರೋಪ ತನಿಖೆ ಮಾಡಿದ ಜಂಟಿ ಸಂಸದೀಯ ಸಮಿತಿಗೆ ಅಧ್ಯಕ್ಷರಾದವರು ನಮ್ಮ ರಾಜ್ಯದವರೇ, ಚಿಕ್ಕೋಡಿಯ ಬಿ. ಶಂಕರಾನಂದ. ಪ್ರಮುಖ ವಿರೋಧ ಪಕ್ಷಗಳೆಲ್ಲ ಸಮಿತಿಗೆ ಬರುವುದಿಲ್ಲ ಎಂದವು. ಒಳಗಿದ್ದು ಭಿನ್ನಾಭಿಪ್ರಾಯದ ಟಿಪ್ಪಣಿ ಬರೆದವರು ಎಐಎಡಿಎಂಕೆಯ ಆಲಡಿ ಅರುಣಾ. 1988ರಲ್ಲಿ ಮಂಡನೆಯಾದ ವರದಿ ಸರ್ಕಾರಕ್ಕೆ ಅನುಕೂಲವಾಗಿಯೇ ಇತ್ತು. ಆದರೆ ಜನ ಅದನ್ನು ನಂಬಲಿಲ್ಲ, 1989ರಲ್ಲಿ ಸರ್ಕಾರವೇ ಬಿತ್ತು. ಹೊರಗೆ ನಿಂತವರಿಗೆ ರಾಜಕೀಯವಾಗಿ ನಷ್ಟವೇನೂ ಆಗಲಿಲ್ಲ.

ಹಾಗಾಗಿ ಬಹಿಷ್ಕರಿಸಿದವರು ಯಾವಾಗಲೂ ದಡ್ಡರು ಎನ್ನಲಾಗುವುದಿಲ್ಲ. ಸಮಿತಿಗೆ ಮರ್ಯಾದೆ ಸಿಗಬಾರದು ಎಂಬುದು ಅವರ ಲೆಕ್ಕವಾಗಿದ್ದರೆ ಅದು ಫಲಿಸಿತು. 2025ರಲ್ಲಿ ಬಂಧಿತ ಸಚಿವರನ್ನು ಪದಚ್ಯುತಗೊಳಿಸುವ 130ನೇ ತಿದ್ದುಪಡಿ ಮಸೂದೆಯ ಜಂಟಿ ಸಮಿತಿಯಿಂದ ವಿರೋಧ ಪಕ್ಷಗಳಲ್ಲಿ ಹೆಚ್ಚಿನವು ದೂರ ನಿಂತದ್ದೂ ಅದೇ ಲೆಕ್ಕದಿಂದ.

ದೂರದ ಚಿಂತಾಮಣಿ

ಸರ್, ಪಕ್ಷಕ್ಕೆ ನಷ್ಟವಾಗಲಿಲ್ಲ ನಿಜ. ದಾಖಲೆಗೆ ಆಯಿತು. ಮೂವತ್ತು ವರ್ಷ ಕಳೆದ ಮೇಲೆ ಯಾರಾದರೂ ಆ ವರದಿ ತೆಗೆದರೆ ಸರ್ಕಾರದ ಮಾತಿನ ಪಕ್ಕದಲ್ಲಿ ಆಲಡಿ ಅರುಣಾ ಅವರದೊಂದೇ ಎದುರು ದನಿ. ನಮ್ಮ ಕೆರೆಗಳ ವಿಷಯದಲ್ಲಿ ನಮಗೆ ಬೇಕಾದದ್ದು ದಾಖಲೆ, ಚುನಾವಣೆ ಅಲ್ಲ.

ಟೊಮೆಟೊ ಮಂಡಿ (ವಡ್ಡಹಳ್ಳಿ)

ಕೆರೆಯ ಮಾತು ತೆಗೆದರೆ ವಾಷಿಂಗ್ಟನ್, ಬೊಫೋರ್ಸ್ ಎಲ್ಲ ತಿರುಗಿಸಿಕೊಂಡು ಬಂದಿರಿ. ಓದಿದೆ, ಚೆನ್ನಾಗಿದೆ. ಆದರೆ ಹಳ್ಳಿಯವನಿಗೆ ಅರ್ಥವಾಗುವಂತೆ ಒಂದು ಉದಾಹರಣೆ ಕೊಡಿ. ಸಮಿತಿಯಲ್ಲಿ ಯಾರಿದ್ದರೆ ಏನು ಬದಲಾಗುತ್ತದೆ?

ಡೈರಿ ಅಕ್ಕ

ನಾನು ಕೊಡುತ್ತೇನೆ. ಊರಿನ ಹೆಸರು ಬೇಡ, ನಾವು ಹಾಲು ಹಾಕುವ ಒಂದು ಸಂಘದಲ್ಲಿ ನಡೆದದ್ದು.

ಬೆಳಗಿನ ಹಾಲಿನ ಕೊಬ್ಬಿನಂಶ ಯಂತ್ರದ ಪರದೆಯಲ್ಲಿ ಒಂದು, ನಮ್ಮ ಪುಸ್ತಕದಲ್ಲಿ ಇನ್ನೊಂದು ಬರುತ್ತಿತ್ತು. ಹೆಂಗಸರೆಲ್ಲ ಸೇರಿ ಸರ್ವಸದಸ್ಯರ ಸಭೆಯಲ್ಲಿ ಗಲಾಟೆ ಮಾಡಿದೆವು. ಅಲ್ಲೇ ಒಂದು ತನಿಖಾ ಸಮಿತಿ ಆಯಿತು, ಐದು ಜನ. ಚಪ್ಪಾಳೆ ಹೊಡೆದು ಮನೆಗೆ ಬಂದೆವು. ಆಮೇಲೆ ನೋಡಿದರೆ ಆ ಐವರಲ್ಲಿ ಒಬ್ಬರು ಕಾರ್ಯದರ್ಶಿಯ ಬಾಮೈದ, ಇನ್ನೊಬ್ಬರು ಅವರಿಂದ ಪಶು ಆಹಾರವನ್ನು ಸಾಲವಾಗಿ ತಂದವರು. ನನ್ನನ್ನೂ ಹಾಕಿದ್ದರು, ಹೆಂಗಸರೂ ಇದ್ದಾರೆ ಎಂದು ತೋರಿಸಲು. ಸಭೆಯ ಸಮಯವನ್ನು ಹಾಲು ಕರೆಯುವ ಹೊತ್ತಿಗೇ ಇಡುತ್ತಿದ್ದರು. ನಾನು ಎಲ್ಲಿಂದ ಹೋಗಲಿ? ಒಂದು ದಿನ ಹಟ ಮಾಡಿ ಹೋದೆ. ನಡವಳಿ ಪುಸ್ತಕ ಮೇಜಿನ ಮೇಲಿತ್ತು. ಬರೆಯುತ್ತಿದ್ದವರು ಯಾರು ಗೊತ್ತೇ? ಅದೇ ಕಾರ್ಯದರ್ಶಿ. ತಮ್ಮ ಮೇಲಿನ ದೂರಿನ ತನಿಖೆಯ ನಡವಳಿಯನ್ನು ತಾವೇ ಬರೆಯುತ್ತಿದ್ದರು, ನೀಲಿ ಶಾಯಿಯಲ್ಲಿ, ಮುತ್ತಿನಂತಹ ಅಕ್ಷರ. ನಾನು ಹೇಳಿದ ಮಾತು ‘ಸದಸ್ಯೆ ಸಲಹೆ ನೀಡಿದರು’ ಎಂದು ಒಂದು ಸಾಲಾಗಿತ್ತು.

ಆಮೇಲೆ ಸಹಕಾರ ಸಂಘಗಳ ಕಾಯಿದೆಯ 64ನೇ ಕಲಂ ಪ್ರಕಾರ ವಿಚಾರಣೆ ಕೇಳಿ ಅರ್ಜಿ ಕೊಟ್ಟೆವು. ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ಯಾರ ಮಾತನ್ನೂ ಕೇಳುವ ಮೊದಲು ಪುಸ್ತಕಗಳನ್ನೆಲ್ಲ ವಶಕ್ಕೆ ತೆಗೆದುಕೊಂಡು ರಸೀದಿ ಕೊಟ್ಟರು. ನಮ್ಮ ಸಮಿತಿ ಅಷ್ಟು ದಿನ ಕೂತರೂ ಆ ಒಂದು ಕೆಲಸ ಮಾಡಿರಲಿಲ್ಲ.

ಟೊಮೆಟೊ ಮಂಡಿ (ವಡ್ಡಹಳ್ಳಿ)

ಅಕ್ಕಾ, ಈಗ ತಲೆಗೆ ಹೋಯಿತು. ಹಾಗಾದರೆ ಕೆರೆಯ ವಿಷಯದಲ್ಲಿ ನಡವಳಿ ಬರೆಯುವವರು ಯಾರು?

ಹಳೇ ಗುಮಾಸ್ತ

ಅದೇ ಮುಖ್ಯ ಪ್ರಶ್ನೆ, ಮಂಡಿಯವರೇ. ನಡವಳಿಯನ್ನು ವಿಧಾನಮಂಡಲದ ಸಚಿವಾಲಯದ ಸಿಬ್ಬಂದಿ ಬರೆಯುತ್ತಾರೆ, ಅಲ್ಲಿ ಅಷ್ಟು ತೊಂದರೆಯಿಲ್ಲ. ತೊಂದರೆ ಇರುವುದು ಅಳತೆಯಲ್ಲಿ. ಸಮಿತಿಗೆ ಸ್ವಂತ ಭೂಮಾಪಕರಿಲ್ಲ, ಸ್ವಂತ ನಕ್ಷೆಗಾರರಿಲ್ಲ. ಕೆರೆಯ ವಿಸ್ತೀರ್ಣ ಎಷ್ಟು, ಒತ್ತುವರಿ ಎಷ್ಟು ಎಂದು ಹೇಳಬೇಕಾದವರು ಕಂದಾಯ ಇಲಾಖೆಯ ಭೂಮಾಪಕರೇ. ಒತ್ತುವರಿ ಜಮೀನಿಗೆ ಪಹಣಿ ಬಂದದ್ದೂ, ಖಾತೆ ಆದದ್ದೂ, ಪೋಡಿ (ಜಮೀನನ್ನು ಅಳೆದು ಬೇರೆ ಮಾಡುವುದು) ಆದದ್ದೂ ಇಂತಹ ಕಚೇರಿಗಳಲ್ಲೇ.

ಒಂದು ಸರ್ವೆಗೆ ನಾನು ಜೊತೆಗೆ ಹೋಗಿದ್ದೆ. ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆಯ ನೀಲಿ ಗೆರೆ ಹೊಲಗಳ ಒಳಗೆ ಚಾಚಿಕೊಂಡಿತ್ತು. ಭೂಮಾಪಕರು ಕೆರೆಯ ಏರಿಯಿಂದ ಅಳತೆ ಹಿಡಿದರು. ಏರಿ ಅಲುಗುವುದಿಲ್ಲ, ಆ ಬದಿ ತಕರಾರಿಲ್ಲ. ಎದುರು ಬದಿಗೆ ಬಂದಾಗ ಗಡಿಕಲ್ಲು ಇರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಕಲ್ಲಿನ ಗುರುತಿದೆ, ನೆಲದಲ್ಲಿ ಇಲ್ಲ. ಪಕ್ಕದ ಜಮೀನಿನವರು ತೋರಿಸಿದ ಬದುವನ್ನೇ ಗಡಿ ಎಂದು ಹಿಡಿದು ನಕ್ಷೆ ತಯಾರಾಯಿತು. ಎಕರೆಗಟ್ಟಲೆ ಕೆರೆ ಆ ಒಂದು ಬದುವಿನಲ್ಲಿ ಹೋಯಿತು. ಯಾರೂ ಸುಳ್ಳು ಬರೆಯಲಿಲ್ಲ. ಬದು ಅಲ್ಲಿತ್ತು, ನಿಜ. ಸಮಿತಿಯ ಮುಂದೆ ಆ ನಕ್ಷೆ ಬಂದರೆ ಸದಸ್ಯರು ಎಷ್ಟೇ ನಿಷ್ಠುರರಾದರೂ ಏನು ಮಾಡಿಯಾರು?

ಹಾಗಾಗಿ ಸದಸ್ಯರಿಗಿಂತ ಎರವಲು ಸೇವೆಯ ಸಿಬ್ಬಂದಿಯ ಬಗ್ಗೆ ಹೆಚ್ಚು ಹಟ ಹಿಡಿಯಿರಿ. ಬೇರೆ ಜಿಲ್ಲೆಯ ಭೂಮಾಪಕರನ್ನು ಸಮಿತಿಗೆ ನಿಯೋಜಿಸಬೇಕು, ಸಮಿತಿಯ ಅವಧಿಯಲ್ಲಿ ಅವರನ್ನು ವರ್ಗ ಮಾಡಬಾರದು, ಅವರು ವರದಿ ಮಾಡಬೇಕಾದದ್ದು ಸಮಿತಿಗೆ, ತಮ್ಮ ಮೇಲಧಿಕಾರಿಗಲ್ಲ. ವರ್ಗಾವಣೆಯ ಅಸ್ತ್ರ ನಿಮಗೆ ಗೊತ್ತೇ ಇದೆ. ಅಳತೆ ಅರ್ಧವಾದಾಗ ಒಂದು ಆದೇಶ ಬರುತ್ತದೆ, ಹೊಸಬರು ಬಂದು ಮೊದಲಿನಿಂದ ಶುರು ಮಾಡುತ್ತಾರೆ.

ಮಾವಿನ ತೋಪು (ಶ್ರೀನಿವಾಸಪುರ)

ಗುಮಾಸ್ತರು ಹೇಳಿದ ಬದುವಿನ ಕಥೆ ನಮ್ಮಲ್ಲೂ ಇದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಕೆರೆಗಳು ಒಂದೊಂದಾಗಿ ತುಂಬಿದ ಮೇಲೆಯೇ ಗಡಿಯ ಜಗಳ ಜೋರಾದದ್ದು. ನೀರಿಗೆ ಪಹಣಿ ಓದಲು ಬರುವುದಿಲ್ಲ, ತನ್ನ ಜಾಗಕ್ಕೆ ಬಂದು ನಿಂತಿತು. ಸಮಿತಿಯವರು ಬೇಸಿಗೆಯಲ್ಲಿ ಬರುವುದು ಬೇಡ, ಕೆರೆ ಕೋಡಿ ಬಿದ್ದಾಗ ಬರಲಿ.

ಬಂಗಾರಪೇಟೆ ಪ್ಯಾಸೆಂಜರ್

ಸಿಬ್ಬಂದಿಯೇ ಮುಖ್ಯ, ಸದಸ್ಯರು ಆಮೇಲೆ ಎಂಬ ಗುಮಾಸ್ತರ ಮಾತಿಗೆ ನನ್ನ ತಕರಾರಿದೆ. 2011ರ ಏಪ್ರಿಲ್ ನೆನಪಿಸಿಕೊಳ್ಳಿ. ಮೊಬೈಲ್ ಕಂಪನಿಗಳಿಗೆ 2ಜಿ ತರಂಗಾಂತರ ಹಂಚಿಕೆಯ ಬಗ್ಗೆ ಮುರಳಿ ಮನೋಹರ ಜೋಶಿ ಅಧ್ಯಕ್ಷತೆಯ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕರಡು ವರದಿ ತಯಾರಿಸಿತ್ತು. ಸಿಬ್ಬಂದಿ ತಮ್ಮ ಕೆಲಸ ಮಾಡಿದ್ದರು. ಅಂಗೀಕಾರದ ದಿನ ಸಮಾಜವಾದಿ ಪಕ್ಷದ ಒಬ್ಬರು, ಬಿಎಸ್‌ಪಿಯ ಒಬ್ಬರು ಆಡಳಿತ ಕೂಟದ ಕಡೆ ವಾಲಿದರು. 21ರಲ್ಲಿ 11 ಜನ ಒಂದಾದರು. ಜೋಶಿ ಸಭೆ ಮುಗಿಸಿ ಹೊರನಡೆದರೆ, ಉಳಿದವರು ಅಲ್ಲೇ ಸೈಫುದ್ದೀನ್ ಸೋಜ್ ಅವರನ್ನು ಅಧ್ಯಕ್ಷರೆಂದು ಆರಿಸಿ ಕರಡನ್ನು ತಿರಸ್ಕರಿಸಿದರು. ವಿರೋಧ ಪಕ್ಷದವರೇ ಅಧ್ಯಕ್ಷರಾಗಿದ್ದ ಸಮಿತಿ ಅದು. ಅಂತರಗಂಗೆಯವರೇ, ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಸಿಕ್ಕರೆ ಸಾಕು ಎನ್ನುವವರಿಗೆ ಇದನ್ನು ತೋರಿಸಿ. ನಾನು ಮೇಲೆ ಹೇಳಿದ ಹದಿನೈದನೆಯ ಕುರ್ಚಿ ಅಂದರೆ ಇದೇ.

ಅದೇ 2ಜಿ ವಿಷಯಕ್ಕೆ ಪಿ.ಸಿ. ಚಾಕೊ ಅಧ್ಯಕ್ಷತೆಯಲ್ಲಿ 30 ಜನರ ಜಂಟಿ ಸಂಸದೀಯ ಸಮಿತಿಯೂ ಇತ್ತು. ಅಲ್ಲಿ ಹಿಂದಿನ ಸರ್ಕಾರದಲ್ಲಿ ಸಚಿವರಾಗಿದ್ದ ಬಿಜೆಪಿ ಸದಸ್ಯರು ಸಮಿತಿಯಲ್ಲಿ ಕೂರಬಹುದೇ ಎಂಬುದರ ಮೇಲೆಯೇ ಜಗಳ. ಅದರ ಅರ್ಧದಷ್ಟು ಸದಸ್ಯರು ಅಧ್ಯಕ್ಷರ ಮೇಲೆ ವಿಶ್ವಾಸವಿಲ್ಲ ಎಂದು ಸ್ಪೀಕರ್‌ಗೆ ಪತ್ರ ಬರೆದರು. ವರದಿ 2013ರಲ್ಲಿ ಬಹುಮತದ ಬಲದಿಂದ ಅಂಗೀಕಾರವಾಯಿತು.

ಹಳೇ ಗುಮಾಸ್ತ

ಒಪ್ಪಿದೆ ಎನ್ನಲಾರೆ. ಕರಡನ್ನು ತಿರಸ್ಕರಿಸಿದರೂ ಅದರಲ್ಲಿದ್ದ ದಾಖಲೆ ದೇಶಕ್ಕೆಲ್ಲ ಗೊತ್ತಾಯಿತು. ದಾಖಲೆಯೇ ಇಲ್ಲದಿದ್ದರೆ ತಿರಸ್ಕರಿಸಲೂ ಏನಿರುತ್ತಿರಲಿಲ್ಲ.

ಇನ್ನೊಂದು ಕುತಂತ್ರ ಯಾರೂ ಹೇಳಲಿಲ್ಲ: ಸಮಯ. ವಿಧಾನಸಭೆ ವಿಸರ್ಜನೆಯಾದರೆ ಸಮಿತಿಯೂ ಮುಗಿದಂತೆ. ಕೆ.ಬಿ. ಕೋಳಿವಾಡ ಅವರ ಕೆರೆ ಒತ್ತುವರಿ ಸಮಿತಿ 2014ರಲ್ಲಿ ಶುರುವಾಗಿ, ನಡುವೆ 2016ರಲ್ಲಿ ಅಧ್ಯಕ್ಷರೇ ಸಭಾಧ್ಯಕ್ಷರೂ ಆಗಿ, ವರದಿ ಬಂದದ್ದು 2017ರ ನವೆಂಬರ್‌ನಲ್ಲಿ. ಬೆಂಗಳೂರು ನಗರ, ಗ್ರಾಮಾಂತರ ಜಿಲ್ಲೆಗಳ 1,500ಕ್ಕೂ ಹೆಚ್ಚು ಕೆರೆಗಳಲ್ಲಿ 10 ಸಾವಿರ ಎಕರೆಗೂ ಮಿಕ್ಕಿ ಒತ್ತುವರಿ ಎಂದು ಅದರಲ್ಲಿತ್ತು. ಆರು ತಿಂಗಳಲ್ಲಿ ಚುನಾವಣೆ ಬಂತು. ಒತ್ತುವರಿ ತೆರವು ಮಾಡಿಸಿ ಮತ ಕೇಳುವ ಧೈರ್ಯ ಯಾವ ಪಕ್ಷಕ್ಕಿದೆ? ಈಗ ನೀವು ಕೇಳುವ ಸಮಿತಿಗೂ 2028ರ ಚುನಾವಣೆಯ ಗಡಿ ಇದೆ. ಗಡುವು ಬರೆಯದಿದ್ದರೆ ಅವಧಿ ವಿಸ್ತರಣೆಯಲ್ಲೇ ಮುಗಿಯುತ್ತದೆ.

ಅಂತರಗಂಗೆ (ಕೋಲಾರ)

ಇಷ್ಟೆಲ್ಲ ಬಂದ ಮೇಲೆ ಮನವಿ ಪತ್ರದ ಕೊನೆಯ ಸಾಲನ್ನು ಬದಲಿಸಿ ಬರೆದಿದ್ದೇನೆ. ನೋಡಿ:

‘ಜಿಲ್ಲೆಯ ಕೆರೆ ಮತ್ತು ರಾಜಕಾಲುವೆಗಳ ಒತ್ತುವರಿ ಕುರಿತು ಉಭಯ ಸದನಗಳ ಜಂಟಿ ಸಮಿತಿ ರಚಿಸಬೇಕು. ಸಚಿವರಾಗಿರುವವರನ್ನು ಅದಕ್ಕೆ ಅಧ್ಯಕ್ಷರನ್ನಾಗಲಿ ಸದಸ್ಯರನ್ನಾಗಲಿ ಮಾಡಬಾರದು. ಪ್ರತಿ ಸದಸ್ಯರೂ ಈ ಜಿಲ್ಲೆಯಲ್ಲಿ ತಮಗೂ ತಮ್ಮ ಕುಟುಂಬಕ್ಕೂ ಇರುವ ಜಮೀನಿನ ವಿವರವನ್ನು ಮೊದಲ ಸಭೆಯಲ್ಲೇ ಸಲ್ಲಿಸಬೇಕು. ಹೊರ ಜಿಲ್ಲೆಯ ಭೂಮಾಪಕರನ್ನು ಸಮಿತಿಯ ಅಧೀನಕ್ಕೆ ನಿಯೋಜಿಸಿ, ಕೆಲಸ ಮುಗಿಯುವವರೆಗೆ ವರ್ಗಾವಣೆ ಮಾಡಬಾರದು. ಸಭೆಗಳ ಹಾಜರಾತಿಯನ್ನು ಪ್ರಕಟಿಸಬೇಕು. ಒಂದು ವರ್ಷದೊಳಗೆ ವರದಿಯನ್ನು, ಭಿನ್ನಾಭಿಪ್ರಾಯದ ಟಿಪ್ಪಣಿಗಳಿದ್ದರೆ ಅವುಗಳ ಸಮೇತ, ಸದನದಲ್ಲಿ ಮಂಡಿಸಬೇಕು.’

ಅಧ್ಯಕ್ಷತೆ ವಿರೋಧ ಪಕ್ಷಕ್ಕೇ ಎಂದು ಸೇರಿಸಬೇಕೆಂದು ನನಗಿದೆ. ಪ್ಯಾಸೆಂಜರ್ ಒಪ್ಪುವುದಿಲ್ಲ ಎಂದು ಗೊತ್ತು.

ಬಂಗಾರಪೇಟೆ ಪ್ಯಾಸೆಂಜರ್

ಒಪ್ಪುವುದಿಲ್ಲ. ರಾಮಸ್ವಾಮಿ ಆಡಳಿತ ಪಕ್ಷದವರೇ ಆಗಿದ್ದರು ಎಂದು ಮೇಲೆ ನೀವೇ ಬರೆದಿದ್ದೀರಿ. ಆ ಸಾಲು ಸೇರಿಸಿದರೆ ಪತ್ರ ಒಂದು ಪಕ್ಷದ್ದು ಎಂದು ಹಣೆಪಟ್ಟಿ ಬೀಳುತ್ತದೆ, ಸಹಿಗಳಲ್ಲಿ ಅರ್ಧ ಹೋಗುತ್ತವೆ. ಭಿನ್ನಾಭಿಪ್ರಾಯದ ಮಾತು ಸೇರಿಸಿದ್ದು ಒಳ್ಳೆಯದಾಯಿತು. 2025ರ ಫೆಬ್ರುವರಿಯಲ್ಲಿ ವಕ್ಫ್ ಮಸೂದೆಯ ಜಂಟಿ ಸಮಿತಿ ವರದಿ ಮಂಡನೆಯಾದಾಗ ಟಿಪ್ಪಣಿಗಳ ಭಾಗಗಳನ್ನು ಕತ್ತರಿಸಿದ್ದಾರೆ ಎಂದು ಗದ್ದಲವಾಗಿ, ಆಮೇಲೆ ಸೇರಿಸಬೇಕಾಯಿತು.

ಡೈರಿ ಅಕ್ಕ

ಸಭೆಯನ್ನು ವಿಧಾನಸೌಧದಲ್ಲಿ ಅಲ್ಲದೆ ಜಿಲ್ಲೆಯಲ್ಲೂ ನಡೆಸಬೇಕು ಎಂದು ಸೇರಿಸಿ. ಬೆಳಗ್ಗೆ ಹತ್ತರ ಮೇಲೆ, ಸಂಜೆ ನಾಲ್ಕರ ಒಳಗೆ. ಹಾಲು ಕರೆಯುವವರೂ ಸಾಕ್ಷಿ ಹೇಳಬೇಕಲ್ಲ.

ಮಾವಿನ ತೋಪು (ಶ್ರೀನಿವಾಸಪುರ)

ಜಮೀನಿನ ವಿವರ ಕೊಡಬೇಕೆಂಬ ಸಾಲು ಓದಿ ನಗು ಬಂತು. ಆ ಸಾಲು ಉಳಿದರೆ ಸಮಿತಿಗೆ ಕೋರಂ ಆಗುವುದಿರಲಿ, ಹೆಸರು ಕೊಡುವವರೂ ಸಿಗುವುದಿಲ್ಲ. ಇರಲಿ ಬಿಡಿ, ತೆಗೆಯಬೇಡಿ.

ಹಳೇ ಗುಮಾಸ್ತ

ಕಾರ್ಯವಿಧಾನದ ಒಂದು ಮಾತು. ಸುಮ್ಮನೆ ಅಂಚೆಯಲ್ಲಿ ಕಳುಹಿಸಿದರೆ ಅದು ಟಪಾಲಿನಲ್ಲಿ ಸೇರಿಹೋಗುತ್ತದೆ. ಜಂಟಿ ಸಮಿತಿ ಕೇಳುತ್ತಿರುವುದರಿಂದ ಸಭಾಧ್ಯಕ್ಷರಿಗೂ ಸಭಾಪತಿಗಳಿಗೂ ಬೇರೆ ಬೇರೆ ಪ್ರತಿ ಬೇಕು. ಅದರ ಜೊತೆಗೆ ಒಬ್ಬ ಶಾಸಕರ ಮೇಲುಸಹಿ ಪಡೆದು ಸದನಕ್ಕೆ ಅರ್ಜಿಯಾಗಿಯೇ ಒಪ್ಪಿಸಿ, ಆಗ ಅದು ಅರ್ಜಿಗಳ ಸಮಿತಿಯ ಮುಂದೆ ಹೋಗುತ್ತದೆ. ಮೇಲುಸಹಿಗೆ ಯಾರ ಬಳಿ ಹೋಗುತ್ತೀರಿ ಎಂಬುದನ್ನು ಈಗಲೇ ತೀರ್ಮಾನಿಸಿ.

ಟೊಮೆಟೊ ಮಂಡಿ (ವಡ್ಡಹಳ್ಳಿ)

ಆರು ಶಾಸಕರ ಬಳಿಯೂ ಹೋಗೋಣ. ಯಾರು ಹಾಕಿದರು, ಯಾರು ಹಾಕಲಿಲ್ಲ ಎಂದು ಇಲ್ಲೇ ಬರೆಯೋಣ. ನಾನು ಹಳೆಯ ಪತ್ರಕ್ಕೆ ಸಹಿ ಹಾಕಿದ್ದೆ, ಹೊಸದಕ್ಕೂ ಹಾಕುತ್ತೇನೆ. ಮಂಡಿಯಲ್ಲಿ ಹರಾಜು ಮುಗಿದ ಮೇಲೆ ಜನ ಸಿಗುತ್ತಾರೆ, ಪ್ರತಿಗಳನ್ನು ಹೆಚ್ಚಾಗಿಯೇ ತನ್ನಿ.